ಅಳತೆಯ ಜಂಪರ

ಸಾಲಹಳ್ಳಿ
೧೨-೨-೧೯೯೮

ಉಗರಗೋಳದ ರಾಚವ್ವ ಅತ್ತೆಯವರಿಗೆ ರಾಜೇಶ್ವರಿಯ ಶರಣಾರ್ಥಿ.

ನನ್ನನ್ನು ನೋಡಲು ಬಂದ ದಿನ ನೀವು ಗಲ್ಲ ಹಿಂಡಿ, “ಹುಡುಗಿ ದುಂಡಗ ಅದಾಳ, ಉಂಡುಟ್ಟ ಮನಿ ಐತಿ” ಅಂದಿರಿ. ನಮ್ಮವ್ವ ಸುಮ್ಮನೆ ನಕ್ಕಳು. ಆ ಗಲ್ಲ ನನ್ನದಲ್ಲ, ಸ್ಟಿರಾಯ್ಡ್ ಗುಳಿಗೆಯದು. ಕೀಲುಬಾವಿಗೆಂದು ರಾಮದುರ್ಗದ ಡಾಕ್ಟರು ಕೊಟ್ಟಿದ್ದರು. ಬಾವು ಇಳಿಯಿತು, ಮುಖ ಉಬ್ಬಿತು. ಹಸಿವೆಯಂತೂ ಹೊತ್ತಿಗೆ ಐದು ರೊಟ್ಟಿ! ಈಗ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಿದ್ದಾರೆ. ಮದುವೆಯ ಹೊತ್ತಿಗೆ ನಾನು ಮೊದಲಿನ ಹಾಗೆ ಕಡ್ಡಿಯಾಗುತ್ತೇನೆ.

ಮದುವೆ ಜಂಪರ ಹೊಲಿಸಲು ನೀವು ಒಯ್ದ ಅಳತೆ ಆಗ ದೊಗಳೆಯಾದೀತು. ಇದರ ಜೊತೆ ನನ್ನ ಹಳೆಯ ಜಂಪರ ಕಳಿಸಿದ್ದೇನೆ. ಆ ಕಡ್ಡಿಯಂಥ ಹುಡುಗಿಯೂ ನಿಮಗೆ ಒಪ್ಪಿಗೆಯಾದರೆ ಇದೇ ಅಳತೆಗೆ ಹೊಲಿಸಿರಿ. ಇಲ್ಲವಾದರೆ ಜಂಪರ ಮರಳಿ ಕಳಿಸಿರಿ, ಅದು ನನಗೆ ಬಹಳ ಇಷ್ಟದ್ದು.

ಸದ್ಯಕ್ಕೆ ದುಂಡಗಿರುವ,
ರಾಜೇಶ್ವರಿ