ಎಳೆದರೂ ಮರಳುವ ತಂತಿ

ನನ್ನ ಗೌರಕ್ಕನಿಗೆ,

ಶಿಕಾರಿಪುರದ ವಾಚನಾಲಯದಿಂದ ನಾನು ಆ ಕಿರುಹೊತ್ತಿಗೆ ತಂದ ಸಂಜೆ, ನೀನು ಕುರಿಗಳನ್ನು ದೊಡ್ಡಿಗೆ ಕೂಡಿ ಬಂದು ಕಾಲಿನ ಕಟ್ಟು ಬಿಚ್ಚುತ್ತಿದ್ದೆ. ಎಳವೆಯ ಜ್ವರದಲ್ಲಿ ಸೋತ ನಿನ್ನ ಪಾದ ನೆಲ ಕೆರೆಯದಿರಲೆಂದು ನಾನು ಕಟ್ಟಿದ್ದ ಉಕ್ಕಿನ ತಂತಿ ಮತ್ತೆ ಬಾಗಿ ಹಾಗೇ ನಿಂತಿತ್ತು. ಚಿನ್ನಕ್ಕೆ ಕ್ಯಾಡ್ಮಿಯಂ ಬೆರೆಸಿದ ಲೋಹವೊಂದು ಬಗ್ಗಿಸಿದರೂ ರಬ್ಬರಿನಂತೆ ಮರಳುತ್ತದಂತೆ ಎಂದು ಓದಿ ಹೇಳಿದೆ. “ಚಿನ್ನ ಕಟ್ಕಂಡು ಕುರಿ ಹಿಂದೆ ಹೋಗ್ಲೇನೋ? ಕಳ್ಳರು ಕಾಲನ್ನೇ ಒಯ್ತಾರೆ” ಎಂದು ನೀನು ನಕ್ಕೆ. ನಾನು ನಗಲಿಲ್ಲ. ಕುರಿ ಕಾಯುವವಳ ಕಾಲಿಗೆ ಒದಗದ ವಿಜ್ಞಾನ ಯಾರದು, ಅಕ್ಕ?

ಅಂಜನಾಪುರದ ಕಾಲುವೆಯಲ್ಲಿ ಮೊದಲ ಕುರಿಯನ್ನು ನೀರಿಗಿಳಿಸಲು ನೀನು ಪಟ್ಟ ಪಾಡು ನೆನಪಿದೆಯೇ? ಅದು ದಾಟಿದ ಮೇಲೆ ಉಳಿದವು ಒಂದೇ ಗದರಿಕೆಗೆ ಒಂದೊಂದಾಗಿ ದಾಟಿದವು. ಸಂಜೆ ನೀನು ಗದರುವುದನ್ನು ಪೂರ್ತಿ ನಿಲ್ಲಿಸಿದಾಗಲೇ ಮನೆಯತ್ತ ತಿರುಗಿದವು. ಹೊತ್ತಿಗೆಯ ನಕ್ಷೆಯಲ್ಲಿ ಆ ಲೋಹದ ತಂತಿಯೂ ಹಾಗೇ ಇತ್ತು: ಎಳೆತ ಒಂದು ಮಟ್ಟ ಮುಟ್ಟಿದ ಮೇಲೆ ಅದೇ ಎಳೆತಕ್ಕೆ ಹಿಗ್ಗುತ್ತ ಹೋಗುತ್ತದೆ, ಎಳೆತ ಸಾಕಷ್ಟು ಇಳಿದ ಮೇಲೆಯೇ ಮರಳುತ್ತದೆ. ಲೋಹ ಸಿಗದಿದ್ದರೇನು, ಅದರ ನಡತೆಯನ್ನು ನಾವೇ ಕಟ್ಟಿದರೆ... “ಕುರಿ ನೋಡಿ ಚಿನ್ನ ಮಾಡ್ತೀಯೇನೋ?” ಅಂದೆ ನೀನು.

ಜಗಲಿಯಲ್ಲಿ ಬಿದಿರು ಸೀಳುತ್ತ ಕೂತ ದಿನಗಳಲ್ಲಿ ನೀನೇ ಹುರಿ ಹೊಸೆದುಕೊಟ್ಟೆ. ಬಿಲ್ಲಿನಂತೆ ಬಾಗಿದ ತೆಳು ಪಟ್ಟಿಗಳನ್ನು ಸಾಲಾಗಿ ಪೋಣಿಸಿ ಕಲ್ಲು ತೂಗಿದೆವು. ಒಂದೇ ಭಾರಕ್ಕೆ ಪಟ್ಟಿಗಳು ಒಂದೊಂದಾಗಿ ಸೋತು ಹಿಗ್ಗಿದವು. ಕಲ್ಲು ಇಳಿಸುತ್ತ ಹೋದಂತೆ, ತಡವಾಗಿ, ಮರಳಿದವು. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಗೆರೆ ಹೊತ್ತಿಗೆಯ ಗೆರೆಯನ್ನೇ ಹೋಲುತ್ತಿತ್ತು. ಆದರೆ ಗಂಟುಗಳು ಜಾರುತ್ತಿದ್ದವು. ಜಾರದ ಗಂಟು ಸಿಗುವ ಹೊತ್ತಿಗೆ ಕಫ ನಿನ್ನ ಎದೆ ಕಟ್ಟಿತ್ತು.

ಆಸ್ಪತ್ರೆಯ ಮಂಚದಲ್ಲಿ ಆ ಬಿದಿರಿನ ಕಾಲುಕಟ್ಟನ್ನು ಎಳೆದೆಳೆದು ನೋಡಿದೆ ನೀನು. “ಮೆತ್ತಗೈತಲ್ಲೋ. ಯಾರಿಗಾರ ಕಟ್ಟು. ಗೋಡೆಗೆ ತೂಗಾಕ್ಬ್ಯಾಡ.” ಆಮೇಲೆ ನೀನು ಆ ಮಂಚ ಇಳಿಯಲೇ ಇಲ್ಲ.

ಹೋದ ವಾರ ಬಸ್ಸು ಹತ್ತಿ ಸೊರಬದ ಉಳವಿಗೆ ಹೋಗಿದ್ದೆ. ಅಲ್ಲೊಬ್ಬ ಹುಡುಗಿಗೆ ನಿನ್ನಂಥದೇ ಪಾದ. ನಮ್ಮ ಕಟ್ಟನ್ನು ಅವಳ ಕಾಲಿಗೆ ಕಟ್ಟಿದೆ. “ಪುಸ್ತಕದ್ದು ಅಂದ್ರಿ, ಇದು ಬರೀ ಬಿದಿರಲ್ರೀ?” ಎಂದು ಅವಳ ತಾಯಿ ಅನುಮಾನಪಟ್ಟಳು. ಬಿದಿರೇ, ಮುರಿದಾಗಲೆಲ್ಲ ಬಂದು ಕಟ್ಟಿಕೊಡುತ್ತೇನೆ ಎಂದೆ. ಆ ಮಾತು ನಿನಗೂ ಕೊಟ್ಟದ್ದು. ಹುಡುಗಿ ಪಾದ ಊರಿದಳು, ಪಟ್ಟಿಗಳು ಒಂದೊಂದಾಗಿ ಸೋತವು. ಎತ್ತಿದಳು, ಬೆರಳು ಮೇಲೆದ್ದವು. ಬಾವಿಯವರೆಗೆ ಹೋಗಿ ಬಂದಳು. ನಾನು ಬಗ್ಗಿ ಅಂಗಳದ ಧೂಳು ನೋಡಿದೆ. ಹೆಜ್ಜೆಗಳಿದ್ದವು, ಅಕ್ಕ. ಎಳೆದ ಗೆರೆ ಇರಲಿಲ್ಲ.

ನಿನ್ನ ತಮ್ಮ