ಹೊಲಿಗೆ ಶೆಡ್ಡಿನಲ್ಲಿ ಅಣ್ಣನ ಮಿಕ್ಸ್

ಜೂನ್ 3, ಸೋಮವಾರ, ಸಂಜೆ

ಇವತ್ತೂ ಕಾಲರ್. ಬೆಳಗಿನಿಂದ ಶೆಡ್ಡಿನಲ್ಲಿ ಹೊಲಿದದ್ದು ಬರೀ ಅಂಗಿಯ ಕಾಲರ್. ಮನೆಗೆ ಬಂದರೆ ಅಣ್ಣ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದ. ತಾನೇ ಮಾಡಿದ ಆಲ್ಬಂ ಇಂಟರ್‌ನೆಟ್ಟಿಗೆ ಹಾಕಿ ವಾರವಾಯಿತು. ಕೇಳಿದವರು ಇಬ್ಬರು. ಒಬ್ಬ ಅವನು, ಇನ್ನೊಬ್ಬಳು ನಾನು. ಒಂದು ಗಂಟೆ ಎಲ್ಲೂ ನಿಲ್ಲದ ಡಿಜೆ ಮಿಕ್ಸ್, ನಾಲ್ಕು ಬಗೆಯ ಕುಣಿತದ ಸಂಗೀತ ಒಂದಕ್ಕೊಂದು ಹೊಲಿದದ್ದು. ಹೌಸ್‌ನಿಂದ ಶುರು, ಮೆಲ್ಲಗೆ ಟೆಕ್ನೋ, ಆಮೇಲೆ ಟ್ರಾನ್ಸ್, ಕೊನೆಗೆ ಡ್ರಮ್ ಅಂಡ್ ಬೇಸ್. ವೇಗ ಏರುತ್ತಲೇ ಹೋಗುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಬಂತೆಂದು ತಿಳಿಯಬಾರದು, ಅದೇ ಕೈಚಳಕವಂತೆ.

"ನಿಮ್ಮ ಶೆಡ್ಡಲ್ಲಿ ಸ್ಪೀಕರ್ ಇದೆಯಲ್ಲ, ಹಾಕ್ಸೇ."

"ನಾನಾ? ಸೂಪರ್‌ವೈಸರ್ ಹತ್ರ ಮಾತಾಡಬೇಕಾ?"

"ಅವರೇನು ಹುಲೀನಾ?"

ಪೆನ್‌ಡ್ರೈವ್ ನನ್ನ ಚೀಲಕ್ಕೆ ತುರುಕಿಬಿಟ್ಟ.

ಜೂನ್ 5

ಕೇಳೋಕೆ ಬಾಯಿ ಬರಲಿಲ್ಲ. ಪಕ್ಕದ ಮೆಷಿನ್ನಿನ ದೊಡ್ಡಕ್ಕನೇ ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ ಕೊಟ್ಟರು. "ಇವಳ ಬಾಯಿಗೆ ಯಾರೋ ಡಬಲ್ ಹೊಲಿಗೆ ಹಾಕಿದಾರೆ ಸಾರ್. ಇವಳಣ್ಣಂದು, ಹಾಕಿ."

ಮೊದಲು ಎಲ್ಲರೂ ನಕ್ಕರು. ಆಮೇಲೆ ಕಾಲುಗಳು ಪೆಡಲ್ ಮೇಲೆ ತಾಳ ಹಿಡಿದವು. ಟ್ರಾನ್ಸ್ ಬರುವ ಹೊತ್ತಿಗೆ ಇಡೀ ಸಾಲು ಒಂದೇ ಉಸಿರಿನಲ್ಲಿ ಹೊಲಿಯುತ್ತಿತ್ತು. ಸೂಪರ್‌ವೈಸರ್ ಕಾಲರ್ ರಾಶಿ ನೋಡಿದರು, ಸ್ಪೀಕರ್ ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮನೆಗೆ ಬಂದು, ಇಡೀ ಶೆಡ್ಡು ಕೇಳಿತು ಎಂದೆ. ಅಣ್ಣ ಊಟ ಬಿಟ್ಟೆದ್ದು ಓಡಾಡಿದ.

ಜೂನ್ 12

ದಿನವೂ ಅದೇ. ಈಗ ಹೌಸ್ ಇಲ್ಲ, ಟೆಕ್ನೋ ಇಲ್ಲ. ಸೂಪರ್‌ವೈಸರ್ ಮುಂದಕ್ಕೆ ಓಡಿಸಿ ಡ್ರಮ್ ಅಂಡ್ ಬೇಸ್‌ನಿಂದಲೇ ಹಚ್ಚುತ್ತಾರೆ. ಮುಗಿದರೆ ಮತ್ತೆ ಅದೇ. ಕೂತಲ್ಲೇ ಓಡಿದ ಹಾಗೆ. ದಾರ ತುಂಡಾಗುತ್ತದೆ. ಯಾರೂ ಹರಟುವುದಿಲ್ಲ.

"ಇಡೀ ಗಂಟೆ ಹೀಗೇ ಜೋರಾಗಿರೋದು ಒಂದು ಮಾಡಿಕೊಡು ಅಂತ ನಿಮ್ಮಣ್ಣನಿಗೆ ಹೇಳಮ್ಮ" ಎಂದರು.

ತಲೆಯಾಡಿಸಿದೆ. ಯಾಕೆ ಆಡಿಸಿದೆನೋ. ಅಣ್ಣನಿಗೆ ಹೇಳಿದರೆ ಹಿರಿಹಿರಿ ಹಿಗ್ಗಿದ. ಅವನ ಹತ್ತಿರ ಯಾರಾದರೂ ಕೇಳಿ ಮಾಡಿಸಿಕೊಳ್ಳುತ್ತಿರುವುದು ಇದೇ ಮೊದಲು.

ಜೂನ್ 14, ಶುಕ್ರವಾರ

ದೊಡ್ಡಕ್ಕನ ಬೆರಳಿಗೆ ಸೂಜಿ ಇಳಿಯಿತು. ಉಗುರು ದಾಟಿ ಒಳಗೆ. ಕೂಗಿದ್ದು ಸ್ಪೀಕರ್ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳಿಸಿತು. ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋಗುವಾಗ ದೊಡ್ಡಕ್ಕ ನನ್ನ ಕಡೆ ತಿರುಗಿ, "ನಿಮ್ಮಣ್ಣನಿಗೆ ಹೇಳಬೇಡ ಕಣೇ. ಪಾಪ, ನೊಂದ್ಕೋತಾನೆ" ಎಂದರು.

ಹೇಳಿಲ್ಲ.

ಜೂನ್ 16, ಭಾನುವಾರ, ಮಧ್ಯಾಹ್ನ

ಹೇಳಿದೆ. ಆ ಜೋರು ಮಿಕ್ಸನ್ನೇ ಮಾಡುತ್ತಾ ಕೂತಿದ್ದ.

"ಅದಕ್ಕೆ ನಾನೇನು ಮಾಡ್ಲಿ? ಹೊಲಿಯೋಕೆ ಅಂತ ಮಾಡಿದ್ದಾ ಅದನ್ನ?"

"ನಡುವೆ ಒಂದಿಷ್ಟು ಹೊತ್ತು ತಾಳ ತೆಗಿ."

"ತಾಳ ತೆಗೆದ್ರೆ ಕುಣಿಯೋರು ಎದ್ದು ಆಚೆ ಹೋಗ್ತಾರೆ ಕಣೇ. ನಿನಗೇನು ಗೊತ್ತು?"

"ಅವರು ಹೋಗ್ತಾರೆ. ನಾವೆಲ್ಲಿಗೆ ಹೋಗೋಣ?"

ಅಷ್ಟು ಜೋರಾಗಿ ಅವನೆದುರು ಯಾವತ್ತೂ ಮಾತಾಡಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಟೀಚರ್ ಎಬ್ಬಿಸಿ ನಿಲ್ಲಿಸಿದಾಗಲೂ ನನ್ನ ದನಿ ಇಷ್ಟು ಏರಿರಲಿಲ್ಲ. ಅದೇ ನನ್ನ ಕೊನೆಯ ಕ್ಲಾಸು. ಅಣ್ಣ ಮುಖ ಊದಿಸಿಕೊಂಡು ಹೆಡ್‌ಫೋನ್ ಏರಿಸಿದ.

ಜೂನ್ 24, ಸೋಮವಾರ, ಸಂಜೆ

ವಾರವಿಡೀ ಅಣ್ಣ ಹೆಡ್‌ಫೋನ್ ತೆಗೆಯಲಿಲ್ಲ. ಬೆಳಿಗ್ಗೆ ಪೆನ್‌ಡ್ರೈವ್ ನನ್ನ ಚಪ್ಪಲಿಯ ಪಕ್ಕ ಇಟ್ಟಿದ್ದ, ಹೊಸ ಮಿಕ್ಸ್ ತುಂಬಿ. ಸೂಪರ್‌ವೈಸರ್ ಹಾಕಿದರು. ಮೊದಲಿನಿಂದಲೇ ಜೋರು. ಅಣ್ಣನ ಮೇಲೆ ಮೈಯೆಲ್ಲ ಉರಿಯಿತು. ದೊಡ್ಡಕ್ಕ ಪಟ್ಟಿ ಕಟ್ಟಿದ ಬೆರಳು ಮೇಲೆತ್ತಿಕೊಂಡೇ ಹೊಲಿಯುತ್ತಿದ್ದರು.

ಆಮೇಲೆ — ತಾಳ ಹೋಯಿತು. ಸದ್ದು ಇದೆ, ದೂರದಲ್ಲಿ ಯಾರೋ ಗುನುಗಿದ ಹಾಗೆ. ತಾಳ ಇಲ್ಲ. ಕಾಲುಗಳು ಒಂದೊಂದಾಗಿ ಪೆಡಲ್ ಬಿಟ್ಟವು. ದೊಡ್ಡಕ್ಕ ಎದ್ದು ಬೆನ್ನು ನೆಟ್ಟಗೆ ಮಾಡಿದರು. ಅವರನ್ನು ನೋಡಿ ಇನ್ನೊಬ್ಬರು ಎದ್ದರು. ಯಾರೋ ಆಕಳಿಸಿದರು, ಯಾರೋ ಅದಕ್ಕೆ ನಕ್ಕರು.

ಸೂಪರ್‌ವೈಸರ್ ಓಡಿ ಬಂದು ವೈರು ಅಲ್ಲಾಡಿಸಿದರು. "ಕೆಟ್ಟು ಹೋಯ್ತಾ? ಮುಂದಕ್ಕೆ ಓಡಿಸ್ಲಾ?" ನನ್ನನ್ನೇ ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ.

ಎದ್ದು ನಿಂತೆ. "ಮುಟ್ಟಬೇಡಿ ಸಾರ್. ಅದು ಇರೋದೇ ಹಾಗೆ."

"ಎಷ್ಟು ಹೊತ್ತು?" ಬೆರಳು ಗುಂಡಿಯ ಮೇಲೇ ಇತ್ತು.

ನನಗೇನು ಗೊತ್ತು. ಅಣ್ಣ ಹೇಳಿರಲಿಲ್ಲ. "ಎಲ್ಲರೂ ಮತ್ತೆ ಕೂತ್ಕೊಳ್ಳೋವರೆಗೂ" ಎಂದೆ. ಯಾರೂ ಕೂರಲಿಲ್ಲ. ದೊಡ್ಡಕ್ಕನಂತೂ ಕಿಟಕಿಯ ಹತ್ತಿರವೇ ಹೋಗಿ, ಪಟ್ಟಿ ಕಟ್ಟಿದ ಬೆರಳನ್ನು ಗಾಳಿಗೆ ಹಿಡಿದು ನಿಂತರು.