ಕುರ್ಚಿಯಲ್ಲಿ ಕೂತು ಮಾಡಿದ ಪಾಠ

ಜುಲೈ ೧೫, ಮಂಗಳವಾರ. ಸೇಡಂ.

ಇವತ್ತು ಕುರ್ಚಿಯಲ್ಲಿ ಕೂತೇ ಪಾಠ ಮಾಡಿದೆ. ಶಾಲೆಗೆ ಸೇರಿದ ಮೇಲೆ ಇದೇ ಮೊದಲು.

ಹೆಡ್‌ಮೇಡಂ ಗುರುಲಿಂಗಮ್ಮ ಕುಂಚಾವರಂ ಕಡೆ ವರ್ಗವಾಗಿ ತಿಂಗಳಾಗಿಲ್ಲ. ಅವರು ದಿನವೂ ಹಿಂದಿನ ಸಾಲಿನಲ್ಲಿ ಕೂತು ನನ್ನ ಪಾಠ ಕೇಳುತ್ತಿದ್ದರು. ತಿಳಿಯದಿದ್ದರೆ ಮಕ್ಕಳಂತೆ ಕೈ ಎತ್ತುತ್ತಿದ್ದರು. ಹೊಸ ಹೆಡ್‌ಮಾಸ್ತರರು ತಮ್ಮ ಕೋಣೆ ಬಿಟ್ಟು ಬರುವುದೇ ಇಲ್ಲ.

“ಪಗಾರ ಅಂತೂ ಬರ್ತದ, ಯಾಕ ಗಂಟಲ ಹರ್ಕೋತಿ ತಮ್ಮಾ?” ಎಂದು ಜಟ್ಟೆಪ್ಪ ಮಾಸ್ತರರು ಮೊನ್ನೆ ನಕ್ಕಾಗ ಅವರೊಡನೆ ಜಗಳವಾಡಿದ್ದೆ. ಯಜಮಾನನ ಕಣ್ಣೆದುರು ಮಾತ್ರ ದುಡಿಯುವವನು ಗುಲಾಮ ಎಂದು ಯಾವುದೋ ಸಂಘದ ಕರಪತ್ರದಲ್ಲಿ ಓದಿ ಊರಿಗೆಲ್ಲ ಹೇಳಿದವನು ನಾನು. ನನ್ನ ಹುರುಪೆಲ್ಲ ಮೇಡಂ ಅವರ ಕಣ್ಣೆದುರಿನದಷ್ಟೇ ಆಗಿತ್ತೇ?

ಐದನೆಯ ತರಗತಿಯ ಪ್ರೀತಿ ಮೇಜಿನ ಹತ್ತಿರ ಬಂದಳು. “ಸರ್, ಜ್ವರ ಬಂದಾವೇನ್ರಿ?”

ಹೂಂ ಅಂದುಬಿಟ್ಟೆ.

ನಾಳೆಯೂ ಕೂತರೆ ಅವಳು ಜ್ವರವೇ ಎಂದು ಕೇಳುವುದಿಲ್ಲ. ರೂಢಿಯಾಗಿಬಿಡುತ್ತದೆ, ಅವಳಿಗೂ, ನನಗೂ.